ಹಳ್ಳಿಮನೆಯೂ ರೈಲುಹಾದಿಯೂ

ಮುಂಬಯಿಯಲ್ಲಿ ಮನೆ ಹುಡುಕುವ ಕನ್ನಡಿಗ ಮೊದಲು ಕೇಳುವುದು ‘ಸ್ಟೇಷನ್ನಿಗೆ ಎಷ್ಟು ದೂರ?’ ಅಂತ. ಡೊಂಬಿವಲಿಯಿಂದ ಲೋಕಲ್ ಹಿಡಿದು ಬ್ಯಾಂಕಿಗೆ ಹೋಗಿ ಬಂದ ನನಗೆ ಈ ಲೆಕ್ಕ ಬಾಯಿಪಾಠ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆ ಹುಡುಕುವವರ ಲೆಕ್ಕವೂ ಬಹುಮಟ್ಟಿಗೆ ಇದೇ ಅಂದರೆ ನಮ್ಮೂರಿನವರು ನಂಬಲಿಕ್ಕಿಲ್ಲ. ಚಿತ್ರದಲ್ಲಿ ಕಾಣುವುದು ಹಸಿರು ಗುಡ್ಡ, ಹಳೆಯ ಚರ್ಚು, ಕಲ್ಲಿನ ಮನೆ. ಅದರ ಹಿಂದಿನ ಚರಿತ್ರೆ ಬೇರೆಯೇ ಇದೆ.

1851ರ ಜನಗಣತಿಯ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣ ಸೇರಿದ್ದರು. ಹೊಗೆ, ಕೊಳಚೆ, ಕಾಲರಾ. ಕೈಯಲ್ಲಿ ನಾಲ್ಕು ಕಾಸು ಆಡಿದವರಿಗೆ ಮತ್ತೆ ಹಳ್ಳಿಯ ಆಸೆ. ಆದರೆ ಸಂಬಳ ಬರುವುದು ಪಟ್ಟಣದಲ್ಲೇ ಅಲ್ಲವೇ? ಈ ತೊಡಕನ್ನು ಬಿಡಿಸಿದ್ದು ರೈಲು. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆ 1892ರಲ್ಲಿ ಬಕಿಂಗ್‌ಹ್ಯಾಮ್‌ಶೈರಿನ ಆಮರ್‌ಶಮ್ ಮುಟ್ಟಿತು. ಹಳೆಯ ಊರು ಕಣಿವೆಯಲ್ಲಿ, ಸ್ಟೇಷನ್ನು ಗುಡ್ಡದ ಮೇಲೆ. ಸ್ಟೇಷನ್ನಿನ ಸುತ್ತ ಹೊಸ ಊರೇ ಎದ್ದಿತು. 1915ರಲ್ಲಿ ಕಂಪನಿ ತನ್ನ ಹಾದಿಯ ಸೀಮೆಗೆ ‘ಮೆಟ್ರೊಲ್ಯಾಂಡ್’ ಅಂತ ಹೆಸರಿಟ್ಟು ಪ್ರಚಾರ ಶುರುಮಾಡಿತು. 1919ರಲ್ಲಿ ಆ ಜಮೀನಿನ ವ್ಯವಹಾರಕ್ಕೆ ಅದರ ನೆರಳಿನಲ್ಲೇ ಇನ್ನೊಂದು ಕಂಪನಿ ಹುಟ್ಟಿತು. ಟಿಕೆಟ್ಟೂ ಅವರದೇ, ಸೈಟೂ ಅವರದೇ!

ಭೂಮಿಯ ಬೆಲೆ ಏರಿದಾಗ ಲಾಭ ಯಾರಿಗೆ ಸೇರಬೇಕು ಅನ್ನುವ ಪ್ರಶ್ನೆ ಎತ್ತಿದವನು ಪಾರ್ಲಿಮೆಂಟಿನಲ್ಲಿ ಶೀಘ್ರಲಿಪಿಕಾರನಾಗಿದ್ದ ಎಬೆನೀಜರ್ ಹೋವರ್ಡ್. ಅದು ಊರಿಗೇ ಸೇರಬೇಕು ಅಂತ 1898ರಲ್ಲಿ ಪುಸ್ತಕ ಬರೆದ. 1903ರಲ್ಲಿ ಲೆಚ್‌ವರ್ತ್ ಉದ್ಯಾನನಗರಿ ಶುರುವಾಯಿತು. ಆದರೆ ಅಂಥ ಊರುಗಳು ಬೆರಳೆಣಿಕೆಯಷ್ಟೇ.

ಮನೆಗಳು ಹೊಲ ನುಂಗುವುದನ್ನು ತಡೆಯಲು ಕಾನೂನು ಬಂತು. 1938ರಲ್ಲಿ ಲಂಡನ್ನಿನ ಸುತ್ತ ಹಸಿರು ಪಟ್ಟಿಯ ಕಾಯಿದೆ, 1947ರಲ್ಲಿ ಯೋಜನಾ ಕಾಯಿದೆ. ಅನುಮತಿಯಿಲ್ಲದೆ ಕಟ್ಟುವಂತಿಲ್ಲ ಅಂದಮೇಲೆ ಇದ್ದ ಮನೆಗಳಿಗೆ ಬೆಲೆ ಬಂತು. ಆಮೇಲೆ 1963ರಲ್ಲಿ ರಿಚರ್ಡ್ ಬೀಚಿಂಗ್ ವರದಿ. ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ನುಗಳನ್ನು ಮುಚ್ಚಿ ಅಂತ ಅವರ ಶಿಫಾರಸು. ಮುಚ್ಚಿದ್ದೂ ಬಹಳ. ರೈಲು ಉಳಿದ ಹಳ್ಳಿಗೆ ಪಟ್ಟಣದ ಸಂಬಳದವರು ಬಂದರು. ರೈಲು ಹೋದ ಹಳ್ಳಿಯಲ್ಲಿ ಕಾರಿಲ್ಲದವರ ಪಾಡು ಕೇಳಬೇಡಿ.

ಪೆಟ್ಟು ಬಿದ್ದದ್ದು ಹಳ್ಳಿಯ ಮಕ್ಕಳಿಗೇ. ಹುಟ್ಟಿದ ಊರಿನಲ್ಲಿ ಮನೆ ಕೊಳ್ಳಲು ಅವರ ಕೈಲಾಗದು. ಕಾರ್ನ್‌ವಾಲಿನ ಕಡಲೂರು ಸೇಂಟ್ ಐವ್ಸ್‌ನಲ್ಲಿ ರಜೆಯವರ ಮನೆಗಳೇ ಹೆಚ್ಚಾಗಿ, 2016ರಲ್ಲಿ ಜನರ ಮತ ಕೇಳಿದರು. ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಖಾಯಂ ವಾಸಿಸುವವರಿಗೆ ಮಾತ್ರ ಅನ್ನುವ ನಿಯಮಕ್ಕೆ ಮತ ಹಾಕಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹೌದು ಅಂದರು. ಹಳೆಯ ಮನೆಗಳಿಗೆ ಮಾತ್ರ ಈ ನಿಯಮ ತಾಗದು.

ಇದನ್ನೆಲ್ಲ ಊರಿನವರ ಮುಂದಿಡಲು ಕಾರಣವಿದೆ. ಹೊರನಾಡಿನ ನಾವು ನಿವೃತ್ತರಾಗಿ ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಮನೆ ಅಂತ ಹೊರಡುತ್ತೇವೆ. ಕೈಯಲ್ಲಿರುವುದು ಮುಂಬಯಿಯ ಫ್ಲ್ಯಾಟ್ ಮಾರಿದ ಹಣ. ವರ್ಷಕ್ಕೆ ಹದಿನೈದು ದಿನ ಬಾಗಿಲು ತೆರೆಯುವ ಮನೆಗೆ ನಾವು ಕೊಡುವ ರೇಟಿನಲ್ಲಿ ಆ ಊರಿನ ಮೇಷ್ಟರು, ಲೈನ್‌ಮನ್ ಸೈಟು ಕೊಳ್ಳಬಲ್ಲರೇ? ಮುಂಗಡ ಕೊಡುವ ಮೊದಲು ಈ ಲೆಕ್ಕವನ್ನೂ ಹಾಕಿ ನೋಡಬೇಕು.