ಸುಳ್ಳು ಆಕಾಶ, ಸತ್ಯದ ಪರೀಕ್ಷೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಲಕ್ಷಾಂತರ ಜನ ಒಂದೇ ಒಂದು ಮಾತಿಗಾಗಿ ಕಾಯುತ್ತಾರೆ. ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಡೆಂಕನಮರಡಿಯಲ್ಲಿ ಗೊರವಯ್ಯನವರು ಎತ್ತರದ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗುತ್ತಾರೆ. ಆ ಕೂಗಿಗೆ ಜನಸಾಗರ ಗಪ್ಪನೆ ಮೌನವಾಗುತ್ತದೆ. ಮರುಕ್ಷಣವೇ ಕಾರ್ಣಿಕದ ನುಡಿ ಹೊರಬೀಳುತ್ತದೆ. ನುಡಿದವರು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾರೆ, ಕೆಳಗಿದ್ದ ಭಕ್ತರು ಹಿಡಿದುಕೊಳ್ಳುತ್ತಾರೆ.

ಆ ನುಡಿಯನ್ನು ಎರಡನೆಯ ಸಲ ಹೇಳುವ ಪದ್ಧತಿಯಿಲ್ಲ. ಕಿವಿಗೆ ಬಿದ್ದವರಿಗೆ ಬಿತ್ತು, ಬೀಳದವರು ಪಕ್ಕದವರನ್ನು ಕೇಳಬೇಕು. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜ್ಯಭಾರದ ಮಾತೋ ಎಂದು ವರ್ಷವಿಡೀ ಚರ್ಚೆ ನಡೆಯುತ್ತದೆ. ವರ್ಷ ತುಂಬಿದ ಮೇಲೆ ನಡೆದದ್ದರೊಂದಿಗೆ ಜನ ಅದನ್ನು ತಾಳೆ ಹಾಕಿ ನೋಡುತ್ತಾರೆ.

ಅದೇ ಮರಡಿಯ ಮೇಲಿನ ಆಕಾಶದಿಂದ ಇನ್ನೊಂದು ಬಗೆಯ ನುಡಿ ಹಗಲಿರುಳೂ ಇಳಿಯುತ್ತಿರುತ್ತದೆ. ಪಥದರ್ಶಕ ಉಪಗ್ರಹಗಳ ರೇಡಿಯೊ ಸಂಕೇತವದು. ಜಾತ್ರೆಗೆ ಬಂದವರ ಜೇಬಿನಲ್ಲಿರುವ ಮೊಬೈಲ್ ದಾರಿ ತೋರಿಸುವುದು ಅದರ ಬಲದಿಂದಲೇ. ಈ ನುಡಿಯೂ ಮರುಕಳಿಸುವುದಿಲ್ಲ; ಕಳೆದ ಕ್ಷಣದ ಸಂಕೇತ ಕಳೆದೇ ಹೋಯಿತು. ಆದರೆ ಇದನ್ನು ವರ್ಷ ತುಂಬಿದ ಮೇಲೆ ತಾಳೆ ಹಾಕುತ್ತೇವೆಂದರೆ ನಡೆಯದು. ಮೋಡದೊಳಗಿಂದ ಇಳಿಯುತ್ತಿರುವ ವಿಮಾನ, ಕಡಲಿನಲ್ಲಿರುವ ದೋಣಿ, ಮೇಲಕ್ಕೆ ನೆಗೆಯುತ್ತಿರುವ ರಾಕೆಟ್ ಇವೆಲ್ಲ ಅದನ್ನು ಆ ಕ್ಷಣವೇ ನಂಬಬೇಕು. ಹಾಗಾದರೆ ಕೇಳುವ ಉಪಕರಣದ ಕಿವಿ ಸರಿಯಿದೆಯೆಂದು ಮೊದಲೇ ತಿಳಿಯುವುದು ಹೇಗೆ? ವಿಜ್ಞಾನಿಗಳು ಕಂಡುಕೊಂಡ ಉತ್ತರ ಸೋಜಿಗದ್ದು: ಕೋಣೆಯೊಳಗೆ ಒಂದು ಸುಳ್ಳು ಆಕಾಶವನ್ನೇ ಕಟ್ಟುವುದು.

ಮೊದಲೇ ಗೊತ್ತಿರುವ ಉತ್ತರ

ಈ ಉಪಾಯದ ಹಿಂದಿರುವ ತತ್ವ ಹೊಸದಲ್ಲ, ಕನ್ನಡ ನೆಲಕ್ಕೆ ಅಪರಿಚಿತವೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ದಕ್ಷಿಣ ಭಾರತವನ್ನು ಕರಾರುವಾಕ್ಕಾಗಿ ಅಳೆಯಬೇಕೆಂದು ಹೊರಟ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಒಂದು ಆಧಾರರೇಖೆಯನ್ನು ಅಳೆದ. ನೂರು ಅಡಿಯ ಉಕ್ಕಿನ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತೆಂದು ತಿಳಿಯಲು ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಮಾಡಿದ ಕೆಲಸವದು.

1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಆತ ಪಶ್ಚಿಮಕ್ಕೆ ಬಂದ. ಬೆಂಗಳೂರು ತಲುಪಿದಾಗ, 1804ರಲ್ಲಿ, ಮತ್ತೊಂದು ರೇಖೆಯನ್ನು ಆರಿಸಿಕೊಂಡು ಅದರ ಉದ್ದವನ್ನು ಎರಡು ರೀತಿಯಲ್ಲಿ ಕಂಡುಹಿಡಿಯಲಾಯಿತು. ಒಂದು, ಮದರಾಸಿನಿಂದ ಬಂದ ತ್ರಿಕೋನಗಳ ಲೆಕ್ಕ. ಇನ್ನೊಂದು, ನೆಲದ ಮೇಲೆ ಸರಪಳಿ ಹಾಸಿ ತೆಗೆದ ಅಳತೆ. ಎರಡರ ನಡುವಿನ ವ್ಯತ್ಯಾಸ ನಾಲ್ಕು ಅಂಗುಲದೊಳಗೇ ಇತ್ತು. ಮುಂದೆ ಹಿಮಾಲಯದವರೆಗೆ ಸಾಗಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಮೇಲೆ ವಿಶ್ವಾಸ ಹುಟ್ಟಿದ್ದು ಇಂಥ ತಾಳೆಗಳಿಂದ. ಉಪಕರಣ ಹೇಳಿದ ಉತ್ತರವನ್ನು ಬೇರೆ ದಾರಿಯಿಂದ ಗೊತ್ತಾದ ಉತ್ತರದ ಪಕ್ಕ ಇಟ್ಟು ನೋಡಬೇಕು. ಅಲ್ಲಿಯವರೆಗೆ ಅದನ್ನು ನಂಬಬಾರದು ಎನ್ನುವುದೇ ಆ ತತ್ವ.

ಗದ್ದಲದ ನಡುವಿನ ಪಿಸುಮಾತು

ಉಪಗ್ರಹ ಪಥದರ್ಶನದಲ್ಲಿ ಸರಪಳಿಯ ಜಾಗದಲ್ಲಿರುವುದು ಕಾಲ. ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರವಿರುತ್ತದೆ. ‘ನಾನು ಇಂಥ ಕಡೆ ಇದ್ದೇನೆ, ಈಗ ಇಷ್ಟು ಹೊತ್ತು’ ಎಂಬುದೇ ಅದರ ಸಂದೇಶದ ಸಾರ. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ, ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಬಹುದು. ಸ್ಥಳದ ಮೂರು ಅಳತೆಗಳ ಜೊತೆಗೆ ರಿಸೀವರಿನ ಸ್ವಂತ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಕಾಲ ತಪ್ಪಿದರೂ ದೂರದ ಲೆಕ್ಕದಲ್ಲಿ ಮುನ್ನೂರು ಮೀಟರ್ ತಪ್ಪಾಗುತ್ತದೆ.

ನೆಲಕ್ಕೆ ತಲುಪುವ ಹೊತ್ತಿಗೆ ಈ ಸಂಕೇತ ತೀರ ಕ್ಷೀಣವಾಗಿರುತ್ತದೆ. ಅದರ ಶಕ್ತಿ ಒಂದು ವ್ಯಾಟ್‌ನ ಕೋಟಿ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಸುತ್ತಲ ರೇಡಿಯೊ ಗದ್ದಲದ ಅಡಿಯಲ್ಲಿ ಅದು ಹೂತುಹೋಗಿರುತ್ತದೆ, ಮತ್ತು ಆಕಾಶದಲ್ಲಿ ‘ಸದ್ದಲೇ’ ಎಂದು ಹೇಳುವವರಿಲ್ಲ. ಪ್ರತಿ ಉಪಗ್ರಹದ ಸಂಕೇತಮಾಲೆ ಮೊದಲೇ ಗೊತ್ತಿರುವುದರಿಂದ ರಿಸೀವರ್ ಅದೇ ಮಾಲೆಯನ್ನು ತನ್ನೊಳಗೆ ತಯಾರಿಸಿಕೊಂಡು, ಬಂದ ಗದ್ದಲದೊಂದಿಗೆ ಹೊಂದಿಸುತ್ತ ಹೊಂದಿಸುತ್ತ ಪಿಸುಮಾತನ್ನು ಹೆಕ್ಕಿ ತೆಗೆಯುತ್ತದೆ.

ಅರಿಜೋನಾದ ಮರುಭೂಮಿ

ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ ಕಕ್ಷೆ ಸೇರಿದ್ದು 1978ರ ಫೆಬ್ರುವರಿಯಲ್ಲಿ. ಆದರೆ ರಿಸೀವರುಗಳ ಪರೀಕ್ಷೆ ಅದಕ್ಕೂ ಮುಂಚೆ, 1977ರಲ್ಲೇ, ಅರಿಜೋನಾ ರಾಜ್ಯದ ಯೂಮಾ ಎಂಬ ಸೇನಾ ಪರೀಕ್ಷಾ ನೆಲೆಯಲ್ಲಿ ಆರಂಭವಾಗಿತ್ತು. ಮರುಭೂಮಿಯ ನೆಲದ ಮೇಲೆ ನೆಟ್ಟ ಪ್ರೇಷಕಗಳು ತಾವೇ ಉಪಗ್ರಹಗಳೆಂಬಂತೆ ಸಂಕೇತ ಬಿತ್ತರಿಸುತ್ತಿದ್ದವು. ಇವನ್ನು ‘ಹುಸಿ ಉಪಗ್ರಹ’ ಎಂಬರ್ಥದಲ್ಲಿ ಸೂಡೊಲೈಟ್ ಎಂದು ಕರೆದರು. ಆಕಾಶ ಬರಿದಾಗಿದ್ದಾಗ ನೆಲವೇ ಆಕಾಶದ ಪಾತ್ರ ವಹಿಸಿತ್ತು.

ಮುಂದಿನ ಹೆಜ್ಜೆ ಪ್ರಯೋಗಾಲಯದೊಳಗಿನ ಸಿಮ್ಯುಲೇಟರ್, ಅಂದರೆ ಅನುಕರಣ ಯಂತ್ರ. ಇದರಲ್ಲಿ ತಂತ್ರಾಂಶ ಮತ್ತು ಯಂತ್ರಾಂಶ ಎರಡಕ್ಕೂ ಪಾಲುಂಟು. ದಿನಾಂಕ, ವೇಳೆ, ಸ್ಥಳ, ಚಲನೆ ಇವನ್ನು ತಂತ್ರಾಂಶಕ್ಕೆ ಕೊಟ್ಟರೆ, ಆ ಹೊತ್ತಿಗೆ ಪ್ರತಿ ಉಪಗ್ರಹ ಎಲ್ಲಿರಬೇಕು, ಅದರ ಸಂಕೇತ ಎಷ್ಟು ತಡವಾಗಿ ಮತ್ತು ಎಷ್ಟು ಕ್ಷೀಣವಾಗಿ ತಲುಪಬೇಕು, ಚಲನೆಯಿಂದ ಅದರ ಕಂಪನಾಂಕ ಎಷ್ಟು ಬದಲಾಗಬೇಕು ಎಂಬುದನ್ನೆಲ್ಲ ಅದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ನಿಜವಾದ ರೇಡಿಯೊ ಅಲೆಯನ್ನಾಗಿ ಮಾಡುವುದು ಯಂತ್ರಾಂಶದ ಕೆಲಸ. ಅಲೆಯನ್ನು ಗಾಳಿಗೆ ಬಿಡದೆ ತಂತಿಯ ಮೂಲಕ ರಿಸೀವರಿಗೆ ಉಣಿಸುತ್ತಾರೆ.

ಉತ್ತರಕ್ಕೆ ಸುಮಾರು 14.8 ಡಿಗ್ರಿ, ಪೂರ್ವಕ್ಕೆ ಸುಮಾರು 75.7 ಡಿಗ್ರಿ ಎಂದು ಕೊಟ್ಟರೆ, ಬೆಂಗಳೂರಿನ ಕೋಣೆಯೊಂದರ ಮೇಜಿನ ಮೇಲಿರುವ ರಿಸೀವರ್ ತಾನು ಮೈಲಾರದಲ್ಲಿ ತುಂಗಭದ್ರೆಯ ದಂಡೆಯ ಬಳಿ ಇದ್ದೇನೆಂದು ವರದಿ ಮಾಡುತ್ತದೆ. ಹಾಗೆ ಹೇಳದಿದ್ದರೆ ದೋಷವಿದೆ ಎಂದರ್ಥ. ಸುಳ್ಳು ಹೇಳಿದವರಿಗೆ ಉತ್ತರ ಗೊತ್ತಿರುವುದರಿಂದಲೇ ಕೇಳಿದವರ ತಪ್ಪು ಸಿಕ್ಕಿಬೀಳುತ್ತದೆ. ಅದೇ ಕ್ಷಣವನ್ನು ನೂರು ಸಲ ಬೇಕಾದರೂ ಮರಳಿ ನುಡಿಸಬಹುದು. ನಿಜವಾದ ಆಕಾಶ ಕೊಡದ ಸೌಲಭ್ಯವಿದು.

ತಡವಾದರೆ ಕೆಟ್ಟಿತು

ಮೊದಲೇ ಲೆಕ್ಕ ಮಾಡಿ ಮುದ್ರಿಸಿಟ್ಟ ಸಂಕೇತವನ್ನು ನುಡಿಸುವುದು ಒಂದು ಬಗೆ. ಆಯಾ ಕ್ಷಣದಲ್ಲೇ ಸಂಕೇತವನ್ನು ಹುಟ್ಟಿಸುತ್ತ ಹೋಗುವ ತತ್ಕಾಲ ಅನುಕರಣೆ ಇನ್ನೊಂದು ಬಗೆ, ಮತ್ತು ಕಷ್ಟದ್ದು. ರಾಕೆಟ್ಟಿನ ರಿಸೀವರ್ ತನ್ನ ಸ್ಥಾನವನ್ನು ಹೇಳಿದೊಡನೆ ಮಾರ್ಗದರ್ಶನದ ಗಣಕ ದಿಕ್ಕು ಬದಲಿಸುತ್ತದೆ. ದಿಕ್ಕು ಬದಲಾದೊಡನೆ ಸಂಕೇತವೂ ಬದಲಾಗಬೇಕು. ಸೆಕೆಂಡಿಗೆ ಏಳೂವರೆ ಕಿಲೊಮೀಟರ್ ವೇಗದ ವಾಹನದ ವಿಷಯದಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತಡವಾದರೂ ಏಳೂವರೆ ಮೀಟರ್ ತಪ್ಪುತ್ತದೆ. ನಡುವೆ ಕಂಪ್ಯೂಟರ್ ಒಂದು ಗಳಿಗೆ ಮುಗ್ಗರಿಸಿದರೆ ಸಂಕೇತದಲ್ಲಿ ಬಿರುಕು ಬಿದ್ದು ರಿಸೀವರಿನ ಹಿಡಿತವೇ ತಪ್ಪಿಹೋಗುತ್ತದೆ.

ಆದ್ದರಿಂದ ಕೆಲಸವನ್ನು ಹಂಚುತ್ತಾರೆ. ಉಪಗ್ರಹದ ಸ್ಥಾನ, ದೂರ ಮುಂತಾಗಿ ನಿಧಾನವಾಗಿ ಬದಲಾಗುವ ಲೆಕ್ಕ ತಂತ್ರಾಂಶಕ್ಕೆ; ಸೆಕೆಂಡಿಗೆ ಲಕ್ಷಾಂತರ ಬಾರಿ ಬದಲಾಗುವ ಸಂಕೇತಮಾಲೆಯನ್ನು ನೇಯುವುದು ಅದಕ್ಕೆಂದೇ ರಚಿಸಿದ ಬಿಲ್ಲೆಗಳಿಗೆ. ಹಿಂದೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ವಿದ್ಯೆ ಕಂಪ್ಯೂಟರುಗಳ ವೇಗ ಹೆಚ್ಚಿದಂತೆ ಕಾಲೇಜಿನ ಪ್ರಯೋಗಾಲಯಗಳಿಗೂ ಬಂದಿದೆ.

ಬ್ಯಾಲಾಳುವಿನಿಂದ ಚಳ್ಳಕೆರೆಗೆ

ಭಾರತ ತನ್ನದೇ ಪಥದರ್ಶಕ ವ್ಯವಸ್ಥೆ ಕಟ್ಟಲು 2006ರಲ್ಲಿ ಅನುಮೋದನೆ ನೀಡಿತು. ಅದರ ಕೇಂದ್ರ 2013ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ ಆರಂಭವಾಯಿತು. ಮೊದಲ ಉಪಗ್ರಹ ಅದೇ ವರ್ಷ ಜುಲೈ 1ರಂದು ಹಾರಿತು. ನಾಲ್ಕನೆಯದು ಮೇಲಕ್ಕೆ ಹೋದದ್ದು 2015ರ ಮಾರ್ಚ್ 28ರಂದು. ಸ್ಥಳ ನಿರ್ಣಯಕ್ಕೆ ನಾಲ್ಕು ಬೇಕಾದ್ದರಿಂದ, ನಡುವಿನ ಇಪ್ಪತ್ತೊಂದು ತಿಂಗಳು ಈ ವ್ಯವಸ್ಥೆಯ ಆಕಾಶ ಅಪೂರ್ಣವಾಗಿತ್ತು. ಅಂಥ ಅವಧಿಯಲ್ಲಿ ರಿಸೀವರ್ ತಯಾರಕರಿಗೆ ಪೂರ್ಣ ಆಕಾಶ ಸಿಗುವುದು ಸಿಮ್ಯುಲೇಟರಿನಲ್ಲಿ ಮಾತ್ರ. ಏಳನೆಯ ಉಪಗ್ರಹ 2016ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದಾಗ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರು ಬಂತು.

ಆದರೆ ಆಕಾಶ ಪೂರ್ಣವಾಗಿ ಉಳಿಯಲಿಲ್ಲ. ಮೊದಲ ಉಪಗ್ರಹದ ಮೂರೂ ಆಮದು ಗಡಿಯಾರಗಳು ಕೈಕೊಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಹಾರಿಸಿದ ಉಪಗ್ರಹ ರಾಕೆಟ್ಟಿನ ಉಷ್ಣಕವಚ ಬಿಚ್ಚಿಕೊಳ್ಳದೆ ನಷ್ಟವಾಯಿತು. ದೇಶೀಯ ಪರಮಾಣು ಗಡಿಯಾರ ಹೊತ್ತ ಎನ್‌ವಿಎಸ್-01, 2023ರ ಮೇ 29ರಂದು ಯಶಸ್ವಿಯಾಯಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಕಕ್ಷೆಗೆ ಕಳಿಸಿದ ಹನ್ನೊಂದರಲ್ಲಿ ಪೂರ್ಣ ಸ್ಥಳ ನಿರ್ಣಯ ಸೇವೆ ನೀಡುತ್ತಿರುವುವು ನಾಲ್ಕು ಎಂದು 2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಒಂದು ಗಡಿಯಾರ ಹುಚ್ಚು ಹಿಡಿದರೆ ರಿಸೀವರ್ ಅದನ್ನು ಗುರುತಿಸಿ ದೂರವಿಡಬಲ್ಲುದೇ? ಇದನ್ನು ತಿಳಿಯಲು ನಿಜವಾದ ಗಡಿಯಾರ ಕೆಡುವವರೆಗೆ ಕಾಯಬೇಕಿಲ್ಲ. ಸುಳ್ಳು ಆಕಾಶದಲ್ಲಿ ಬೇಕೆಂದೇ ಒಂದನ್ನು ಕೆಡಿಸಿ ನೋಡಬಹುದು.

ಯೂಮಾದ ಹುಸಿ ಉಪಗ್ರಹದ ತಂತ್ರವೂ ಕರ್ನಾಟಕದ ಬಯಲಿಗೆ ಬಂದಿದೆ. ಮೈಲಾರದಿಂದ ಆಗ್ನೇಯಕ್ಕೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನೇ ದಾರಿ ಹುಡುಕಿಕೊಂಡು ಓಡುದಾರಿಗೆ ಇಳಿಯಿತು. ಅದಕ್ಕೆ ನೆರವಾದ ಸಾಧನಗಳಲ್ಲಿ ನಾವಿಕ್ ರಿಸೀವರ್ ಮತ್ತು ನೆಲದ ಸೂಡೊಲೈಟ್ ವ್ಯವಸ್ಥೆ ಎರಡೂ ಇದ್ದವು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ‘ಪುಷ್ಪಕ್’ ಹೆಸರಿನ ವಾಹನ ಇನ್ನೂ ಕಠಿಣ ಪರೀಕ್ಷೆಗಳಲ್ಲಿ ಗೆದ್ದಿತು. ಕೊನೆಯದರಲ್ಲಿ ಅದನ್ನು ಓಡುದಾರಿಯಿಂದ 500 ಮೀಟರ್ ಪಕ್ಕಕ್ಕೆ ಸರಿಸಿ ಬಿಡಲಾಗಿತ್ತು.

ಸುಳ್ಳಿಗೆ ಎರಡು ಮುಖ

ಅನುಕರಣೆಗೆ ಒಂದು ಮಿತಿಯಿದೆ. ಅದಕ್ಕೆ ಗೊತ್ತಿರುವುದು ನಾವು ಹೇಳಿಕೊಟ್ಟದ್ದು ಮಾತ್ರ. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುವುದರಿಂದ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಇಲ್ಲಿ ಹೆಚ್ಚು ಚಂಚಲ. ಸೂರ್ಯಾಸ್ತದ ನಂತರ ಅದು ಸಂಕೇತವನ್ನು ಅಲುಗಿಸಿ ಮಂಕಾಗಿಸುವುದುಂಟು. ಬೇರೆ ದೇಶದ ಶಾಂತ ಆಕಾಶಕ್ಕೆ ಬರೆದ ಲೆಕ್ಕ ಇಲ್ಲಿಗೆ ಸಾಲದು. ವಿಮಾನಗಳಿಗಾಗಿ ‘ಗಗನ್’ ವ್ಯವಸ್ಥೆ ರೂಪಿಸಿದಾಗ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಭಾರತದ್ದೇ ಅಯಾನುಗೋಳ ಮಾದರಿ ಬೇಕಾಯಿತು. ಆ ಶ್ರಮದ ಫಲವಾಗಿ 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು.

ಇನ್ನೊಂದು ಮುಖ ಆತಂಕದ್ದು. ಕೋಣೆಯೊಳಗಿನ ಸುಳ್ಳು ಆಕಾಶವನ್ನು ತಂತಿಯಿಂದ ಬಿಡಿಸಿ ಗಾಳಿಗೆ ಬಿಟ್ಟರೆ ಪರೀಕ್ಷೆಯೇ ವಂಚನೆಯಾಗುತ್ತದೆ. 2013ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಮಾಲೀಕರ ಒಪ್ಪಿಗೆ ಪಡೆದು ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ವಿಹಾರನೌಕೆಯನ್ನು ಹುಸಿ ಸಂಕೇತದಿಂದ ದಾರಿ ತಪ್ಪಿಸಿ ತೋರಿಸಿದರು. ಭಾರತದ ಅಮೃತಸರ–ಜಮ್ಮು ಗಡಿ ಭಾಗದಲ್ಲಿ 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ವಿಮಾನಗಳ ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಸಂಗಗಳು ವರದಿಯಾಗಿವೆ. ಇದಕ್ಕೆ ಔಷಧ ಹುಡುಕುವ ಜಾಗವೂ ಅದೇ ಸಿಮ್ಯುಲೇಟರ್. ಕೋಣೆಯೊಳಗೆ ಹುಸಿ ಸಂಕೇತವನ್ನು ಅಸಲಿಯ ಜೊತೆ ಬೆರೆಸಿ ಕೊಟ್ಟು, ರಿಸೀವರಿಗೆ ವಂಚನೆ ಗುರುತಿಸುವುದನ್ನು ಕಲಿಸಬೇಕು.

ಮೈಲಾರದ ಭಕ್ತರು ನುಡಿ ಹೊರಬಿದ್ದ ಮೇಲೆ ಅದನ್ನು ಹೊತ್ತು ಊರಿಗೆ ಮರಳುತ್ತಾರೆ. ತಾಳೆ ನೋಡಲು ಅವರಿಗೆ ಒಂದು ವರ್ಷದ ವ್ಯವಧಾನವಿದೆ. ಜೇಬಿನ ಮೊಬೈಲಿಗೂ ಚಳ್ಳಕೆರೆಯ ಬಾನಿನಿಂದ ಇಳಿದ ವಾಹನಕ್ಕೂ ಅಂಥ ವ್ಯವಧಾನವಿಲ್ಲ. ಅವುಗಳ ತಾಳೆ ಮುಂಚೆಯೇ ಮುಗಿದಿರಬೇಕು. 1804ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿದವರು ಮಾಡಿದ್ದು ಅದನ್ನೇ.