ಬೆಟ್ಟ ಹತ್ತುವವರಿಗೆ ಊರ ಬಟ್ಟೆ: ಯಳಂದೂರು ಸೀಮೆಯಲ್ಲಿ ಕೊಳ್ಳುವ ಬಗೆ

ನೇಯ್ಗೆ ಇಲ್ಲಿ, ಹೆಣಿಗೆ ಅಲ್ಲಿ

ಬಿಳಿಗಿರಿರಂಗನ ಬೆಟ್ಟ ಹತ್ತುವವರು, ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರು ಸಾಮಾನ್ಯವಾಗಿ ತೊಡುವ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಹೆಣಿಗೆ ಬಟ್ಟೆಯವು. ಮೈ ಬಾಗಿದಂತೆ ಹಿಗ್ಗುವ ಗುಣ ಬರುವುದು ಆ ಹೆಣಿಗೆಯಿಂದಲೇ. ಕೊಳ್ಳೇಗಾಲದ ಮಗ್ಗಗಳಲ್ಲಿ ಆಗುವುದು ನೇಯ್ಗೆ. ಹೆಣಿಗೆಯ ದೊಡ್ಡ ಕೇಂದ್ರ ದಿಂಬಂ ಘಾಟಿ ಇಳಿದ ಮೇಲೆ ಸಿಗುವ ತಿರುಪ್ಪೂರು. 1956ರವರೆಗೆ ಕೊಳ್ಳೇಗಾಲ, ತಿರುಪ್ಪೂರು ಎರಡೂ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ತಿರುಪ್ಪೂರಿನ ಟೀ ಶರ್ಟನ್ನು ಪರದೇಶದ್ದೆಂದು ದೂರ ಇಡಬೇಕಿಲ್ಲ. ಆದರೆ ಅದನ್ನು ಊರಿನ ಉಡುಪು ಎಂದು ಕರೆಯುವುದೂ ಸರಿಯಲ್ಲ.

ರೇಷ್ಮೆಯನ್ನು ಸೀರೆಗಷ್ಟೇ ಕಟ್ಟಿಹಾಕಬೇಡಿ

ಹಿಪ್ಪುನೇರಳೆ ತೋಟ, ನೂಲು ಬಿಚ್ಚಾಣಿಕೆ, ಮಗ್ಗ ಮೂರೂ ಕಂಡ ಸೀಮೆ ಇದು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಗೆ ರೇಷ್ಮೆಯ ಹೆಸರು ಹಳೆಯದು. ಆದರೂ ರೇಷ್ಮೆಯೆಂದರೆ ಮದುವೆ ಮನೆ ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚಳಿ ನಾಡುಗಳ ಚಾರಣಿಗರು ಅದನ್ನು ಒಳ ಅಂಗಿಯಾಗಿ ತೊಡುತ್ತಾರೆ. ಅದಕ್ಕೆ ಕಾರಣವಿದೆ: ಸಾಧಾರಣ ಹವೆಯಲ್ಲಿ ರೇಷ್ಮೆ ತನ್ನ ತೂಕದ ಸುಮಾರು 11%ರಷ್ಟು ತೇವ ಹಿಡಿದಿಟ್ಟುಕೊಂಡೂ ಮೈಗೆ ಒದ್ದೆಯೆನಿಸುವುದಿಲ್ಲ. ಹತ್ತಿಯದು ಸುಮಾರು 8%, ಪಾಲಿಯೆಸ್ಟರಿನದು ಶೇಕಡಾ ಅರ್ಧಕ್ಕೂ ಕಡಿಮೆ. ಓಟಕ್ಕೆ, ಕಬಡ್ಡಿಗೆ ಬೇಗ ಒಣಗುವ ಪಾಲಿಯೆಸ್ಟರೇ ಮೇಲು, ಅದನ್ನು ಒಪ್ಪಲೇಬೇಕು. ಬೆಟ್ಟದ ಮುಂಜಾನೆಯ ಕುಳಿರ್ಗಾಳಿಗೆ ಮಾತ್ರ ತೆಳು ರೇಷ್ಮೆಯ ಒಳ ಅಂಗಿ, ಕೊರಳ ವಸ್ತ್ರ ನಿಜಕ್ಕೂ ಒದಗುತ್ತವೆ. ಸೀರೆಯ ಜರಿ, ಅಂಚು ಇಲ್ಲದ ಸಾದಾ ಬಟ್ಟೆಯನ್ನೇ ಕೇಳಿ.

ಗುರುತು ಹೇಳುವುದು ಎಷ್ಟು?

2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಶುದ್ಧ ರೇಷ್ಮೆಯ ಖಾತರಿ ಕೊಡುತ್ತದೆ, 2006ರ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ್ದು. ಯಾವ ಊರಿನದೆಂದು ಎರಡೂ ಹೇಳವು. ಅದಕ್ಕೆ ನೇಕಾರರ ಸಂಘದ ರಸೀದಿ ಬೇಕು. ಸಿದ್ಧ ಉಡುಪಿನ ಚೀಟಿಯಲ್ಲಿ ಮಾರಾಟಗಾರರ ವಿಳಾಸವನ್ನಲ್ಲ, ತಯಾರಕರದನ್ನು ಓದಿ. ಅನುಮಾನವಿದ್ದರೆ ಒಂದೆರಡು ಎಳೆ ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಪುಡಿಯಾಗುತ್ತದೆ, ಪಾಲಿಯೆಸ್ಟರು ಕರಗಿ ಗಟ್ಟಿ ಗುಂಡಾಗುತ್ತದೆ.

ದರ್ಜಿಯ ಬಳಿ

ಊರಿನಲ್ಲೇ ಹೊಲಿಸುವುದಾದರೆ ಪ್ಯಾಂಟಿನ ಕಾಲುಗಳು ಕೂಡುವಲ್ಲಿ ವಜ್ರಾಕಾರದ ತುಂಡು ಸೇರಿಸಲು ಹೇಳಿ. ನೇಯ್ದ ಬಟ್ಟೆ ಹಿಗ್ಗದಿದ್ದರೂ ಹೆಜ್ಜೆ ಬಿಗಿಯದು. 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಮಾಸಲು ಹಸಿರು, ಮಣ್ಣು ಬಣ್ಣ ಒಪ್ಪುತ್ತವೆ. ರೇಷ್ಮೆಗೆ ಸೋಡಾ ಪುಡಿ ತಾಗಿಸಬೇಡಿ, ನೆರಳಲ್ಲಿ ಒಣಗಿಸಿ.