ಹಳೆ ಕೋವಿ, ರೈಫಲ್‌ಗೆ ಎಷ್ಟು ಕೊಡಬಹುದು? ಅಡ್ವಾನ್ಸ್ ಕೊಡುವ ಮೊದಲು ಇಷ್ಟು ನೋಡಿ

ಕೊಡಗು, ಮಲೆನಾಡಿನ ತೋಟದ ಮನೆಗಳಲ್ಲಿ ಹಳೆ ಕೋವಿ ಕೊಡು-ಕೊಳ್ಳುವುದು ಹೊಸದೇನಲ್ಲ. ಆದರೆ ಬೈಕು, ಟ್ರ್ಯಾಕ್ಟರ್‌ಗೆ ಇರುವ ಹಾಗೆ ಇದಕ್ಕೊಂದು ಊರಿಗೆಲ್ಲ ಗೊತ್ತಿರುವ ರೇಟು ಇಲ್ಲ. ಕೆಲವರು 'ಇಂಗ್ಲೆಂಡ್ ಮಾಲು' ಅಂತ ಬಾಯಿಗೆ ಬಂದ ದರ ಹೇಳ್ತಾರೆ. ಯಜಮಾನರು ತೀರಿಹೋದ ಮನೆಯವರು ಓಡಾಟ ಸಾಕಾಗಿ ಸಿಕ್ಕಷ್ಟಕ್ಕೆ ಕೊಟ್ಟುಬಿಡ್ತಾರೆ. ನ್ಯಾಯವಾದ ದರ ಗೊತ್ತು ಮಾಡಿಕೊಳ್ಳಲು ನೋಡಬೇಕಾದ್ದು ಇಷ್ಟು.

ಮೊದಲು ಕಾಗದ

ಲೈಸೆನ್ಸ್ ಪುಸ್ತಕದಲ್ಲಿರುವ ನಂಬರ್ ಮತ್ತು ಕೋವಿಯ ಮೇಲಿನ ನಂಬರ್ ಒಂದೇ ಇರಬೇಕು. ನಂಬರ್ ಉಜ್ಜಿದ್ದರೆ, ತಾಳೆಯಾಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕೊಡಗಿನಲ್ಲಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯ್ತಿ ಇದೆ, ಅದು 2029ರ ಅಕ್ಟೋಬರ್ ತನಕ ಜಾರಿಯಲ್ಲಿದೆ. ಅಂಥವರಿಂದ ಕೊಳ್ಳುವಾಗ ವಿನಾಯ್ತಿ ಪತ್ರ ಕೇಳಿ ನೋಡಿ. ವಿನಾಯ್ತಿ ಇಲ್ಲದವರು ಕೊಳ್ಳಬೇಕಾದರೆ ಆ ಬಗೆಯ ಕೋವಿಗೆ ಲೈಸೆನ್ಸ್ ಇರಲೇಬೇಕು.

2019ರ ತಿದ್ದುಪಡಿ ನಂತರ ಲೈಸೆನ್ಸ್ ಇರುವವರು ಇಟ್ಟುಕೊಳ್ಳಬಹುದಾದ್ದು ಎರಡೇ, ಮೊದಲು ಮೂರು ಇತ್ತು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಾರುವವರು ಕೊಳ್ಳುವವರ ಹೆಸರು, ವಿಳಾಸವನ್ನು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದುಕೊಡಬೇಕು. ಅದಾಗಿ 45 ದಿನ ಕಳೆಯುವ ತನಕ ಕೋವಿ ಕೊಡುವಂತಿಲ್ಲ. 'ಇವತ್ತೇ ತಗೊಂಡು ಹೋಗಿ' ಅನ್ನುವವರಿಂದ ದೂರ ಇರಿ.

ಬೆಲೆ ಇರುವುದು ನಳಿಗೆಯಲ್ಲಿ

ಮೊದಲು ತೆರೆದು, ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಮಳೆಗಾಲದ ಥಂಡಿಯಲ್ಲಿ, ಚುನಾವಣೆ ಹೊತ್ತಲ್ಲಿ ಡಿಪಾಸಿಟ್ ಇಟ್ಟ ತಿಂಗಳುಗಳಲ್ಲಿ ಎಣ್ಣೆ ಕಾಣದ ನಳಿಗೆಗೆ ತುಕ್ಕು ಹಿಡಿಯುತ್ತದೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ತುಕ್ಕು ತಿಂದು ಬಿದ್ದ ಗುಳಿ ಹೋಗುವುದಿಲ್ಲ. ಎಲ್ಲಾದರೂ ಉಬ್ಬಿದ್ದರೆ, ಬಿರುಕಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಜೋಡುನಳಿಗೆ ಕೋವಿಯಾದರೆ ಮುಂದಿನ ಮರ ಬಿಚ್ಚಿ, ಬಟ್ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಕೀಲು ಸವೆದಿದೆ. ನಳಿಗೆಯನ್ನು ಬಿಡಿಸಿ, ತೂಗುಹಾಕಿ ಬೆರಳಲ್ಲಿ ತಟ್ಟಿ. ಗಂಟೆಯಂತೆ ಸದ್ದು ಬಂದರೆ ಬೆಸುಗೆ ಗಟ್ಟಿ. ಒಡೆದ ಸದ್ದು ಬಂದರೆ ಬೆಸುಗೆ ಬಿಟ್ಟಿರಬಹುದು.

ಹಳೆ ಇಂಗ್ಲಿಷ್ ಕೋವಿಗಳಲ್ಲಿ ಕೆಲವಕ್ಕೆ ನೀರಲೆಯಂಥ ಗೆರೆಯ ಡಮಾಸ್ಕಸ್ ನಳಿಗೆ ಇರುತ್ತದೆ. ನೋಡಲು ಚೆಂದ. ಆದರೆ ಕಪ್ಪು ಮದ್ದಿನ ಕಾಲಕ್ಕೆ ಮಾಡಿದ ಇಂಥ ನಳಿಗೆಗೆ ನೈಟ್ರೋ ಪ್ರೂಫ್ ಮುದ್ರೆ ಇಲ್ಲದಿದ್ದರೆ ಈಗಿನ ತೋಟಾ ಹಾಕಿದಾಗ ಒಡೆಯುವ ಅಪಾಯ ಇದೆ. ಚೇಂಬರ್ ಎರಡೂವರೆ ಇಂಚಿನದ್ದಾ, ಎರಡೂಮುಕ್ಕಾಲು ಇಂಚಿನದ್ದಾ ಅಂತಲೂ ಕೇಳಿ. ಚಿಕ್ಕ ಚೇಂಬರ್‌ಗೆ ಉದ್ದದ ತೋಟಾ ಹಾಕಬಾರದು.

ರೈಫಲ್ ಆದರೆ ನಳಿಗೆ ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಗೆರೆ ಸವೆದರೆ ಗುರಿ ಹೋಯಿತು. ಬಾಯಿಯ ಹತ್ತಿರ ಕ್ಲೀನಿಂಗ್ ರಾಡ್ ತಾಗಿ ಸವೆದಿದೆಯಾ ನೋಡಿ.

ತೋಟಾ ಸಿಗುತ್ತಾ?

ಪಶ್ಚಿಮ ಬಂಗಾಳದ ಇಚಾಪುರ ಕಾರ್ಖಾನೆಯ 315 ಬೋರ್ ರೈಫಲ್‌ಗೆ, 12 ಬೋರ್ ಕೋವಿಗೆ ತೋಟಾ ದೇಶದಲ್ಲೇ ತಯಾರಾಗುತ್ತದೆ. ಅಪರೂಪದ ವಿದೇಶಿ ಬೋರ್ ಆದರೆ ತೋಟಾಕ್ಕೆ ಪರದಾಡಬೇಕು. ತೋಟಾ ಸಿಗದ ರೈಫಲ್ ಎಷ್ಟು ದೊಡ್ಡ ಹೆಸರಿನದಾದರೂ ಗೋಡೆಗೆ ತೂಗುಹಾಕಲಿಕ್ಕೇ ಸೈ.

ಲೆಕ್ಕ ಹೀಗೆ

ಅದೇ ಬಗೆಯ ಹೊಸ ಕೋವಿಯ ದರವನ್ನು ಎರಡು ಲೈಸೆನ್ಸ್ ಅಂಗಡಿಯಲ್ಲಿ ಕೇಳಿ. ರಿಪೇರಿ ಖರ್ಚನ್ನು ಕೋವಿ ರಿಪೇರಿಯವರಿಂದ ಬರೆಸಿಕೊಳ್ಳಿ. ಹೊಸದರ ದರದಲ್ಲಿ ಹಳೆಯದಕ್ಕೆಂದು ಒಂದು ಪಾಲು ಬಿಟ್ಟು, ರಿಪೇರಿ ಕಳೆಯಿರಿ. ಉದಾಹರಣೆಗೆ ಹೊಸದು 1 ಲಕ್ಷ, ಒಪ್ಪಿದ ಪಾಲು ಅರ್ಧ, ರಿಪೇರಿ 8 ಸಾವಿರ ಅಂತಾದರೆ ಮಾತು 42 ಸಾವಿರದಿಂದ ಶುರುವಾಗಬೇಕು. ಬಟ್‌ನ ಪಾಲಿಶ್‌ಗೆ, 'ಅಜ್ಜನ ಕಾಲದ್ದು' ಅನ್ನುವ ಮಾತಿಗೆ ದುಡ್ಡು ಸೇರಿಸಬೇಡಿ.

ಯಜಮಾನರು ತೀರಿಕೊಂಡಿದ್ದರೆ

ಹೆಚ್ಚು ಮೋಸ ಹೋಗುವವರು ಇವರೇ. ಲೈಸೆನ್ಸ್‌ದಾರರು ತೀರಿಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಅಂಗಡಿಯಲ್ಲಿ ಡಿಪಾಸಿಟ್ ಮಾಡಬೇಕು. ಡಿಪಾಸಿಟ್ ಮಾಡಿದರೆ ಕೋವಿ ಸರ್ಕಾರದ್ದಾಯಿತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲವೇ ಅರ್ಹರಿಗೆ ಮಾರಿ ದುಡ್ಡು ಪಡೆಯಬಹುದು. ಆದರೆ ಅದಕ್ಕೆ ಅವಧಿ ಇದೆ, ಅದು ಮೀರಿದರೆ ಜಪ್ತಿಯಾಗಬಹುದು. ಹಾಗಾಗಿ ರಸೀದಿ ಜೋಪಾನ ಮಾಡಿ, ಕೊನೆ ದಿನ ಯಾವುದು ಅಂತ ಡಿಸಿ ಕಚೇರಿಯಲ್ಲಿ ಬೇಗ ಕೇಳಿಕೊಳ್ಳಿ. ಇಬ್ಬರು ಮೂವರಿಂದ ದರ ಕೇಳಲು ಆಗ ಟೈಮ್ ಸಿಗುತ್ತದೆ.

ಯಜಮಾನರು ಬದುಕಿರುವಾಗಲೇ ದಾರಿ ಇದೆ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷದಿಂದ ಅವರ ಹತ್ತಿರ ಇದ್ದರೆ, 2016ರ ನಿಯಮದಂತೆ ಮಕ್ಕಳ ಹೆಸರಿಗೆ ಅರ್ಜಿ ಹಾಕಬಹುದು.

ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಕೋವಿ ನಂಬರ್ ಬರೆದ ರಸೀದಿ ಪಡೆಯಿರಿ. ಲೈಸೆನ್ಸ್ ಪುಸ್ತಕದಲ್ಲಿ ಎಂಟ್ರಿ ಆಗುವ ತನಕ ವ್ಯಾಪಾರ ಮುಗಿದಿಲ್ಲ ಅಂತಲೇ ತಿಳಿಯಿರಿ.